ಒಂಬತ್ತನೇ ತರಗತಿಯ ಪೋಷಕರಿಗೆ: ‘ಕರ್ವಾಲೋ’ ಪ್ರಬಂಧದ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

ಈ ಸಲದ ದಸರಾ ರಜೆಗೆ ನಿಮ್ಮ ಮಕ್ಕಳ ಬ್ಯಾಗಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿ ಇರುತ್ತದೆ. ಲೈಬ್ರರಿಯ ಪ್ರತಿಗಳನ್ನು ಇಬ್ಬರಿಗೊಂದರಂತೆ ಕೊಡುತ್ತಿದ್ದೇವೆ. ರಜೆ ಮುಗಿದ ಮೇಲೆ ಪ್ರತಿಯೊಬ್ಬರೂ ಅದರ ಬಗ್ಗೆ ಮೂರು-ನಾಲ್ಕು ಪುಟದ ವಿಮರ್ಶಾ ಪ್ರಬಂಧ ಬರೆಯಬೇಕು. ‘ಪರೀಕ್ಷೆಗೆ ಬಾರದ ಪುಸ್ತಕಕ್ಕೆ ಇಷ್ಟು ಹೊತ್ತು ಯಾಕೆ?’ ಎಂದು ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ನಮ್ಮ ಮಕ್ಕಳಿಗೆ ಪ್ರಬಂಧ ಬರೆಯಲು ಬರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಚೌಕಟ್ಟು ಎಲ್ಲರಿಗೂ ಬಾಯಿಪಾಠ. ಪರೀಕ್ಷೆಗೆ ಅದು ಬೇಕು, ಅದನ್ನು ಕಲಿಸುವುದನ್ನು ನಾವು ಬಿಡುವುದಿಲ್ಲ. ಆದರೆ ಗ್ರಂಥಾಲಯದ ಮಹತ್ವವೋ ಪರಿಸರ ಮಾಲಿನ್ಯವೋ ಬರೆಯುವಾಗ ಮಗುವಿಗೆ ಸ್ವಂತ ಅಭಿಪ್ರಾಯವೇ ಬೇಕಾಗುವುದಿಲ್ಲ. ಎಲ್ಲರೂ ಒಪ್ಪುವ ಮಾತನ್ನೇ ಎಲ್ಲರೂ ಬರೆಯುತ್ತಾರೆ. ನಲವತ್ತು ಹಾಳೆ ತಿದ್ದಿದರೂ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಕಾದಂಬರಿಯ ಬಗ್ಗೆ ಬರೆ ಅಂದರೆ ಕಥೆಯ ಸಾರಾಂಶ ಬರೆದು, ಕೊನೆಗೆ ‘ಇದು ಉತ್ತಮ ಕಾದಂಬರಿ’ ಎಂದು ಮುಗಿಸುತ್ತಾರೆ.

ಈ ಸಲ ಕೇಳುತ್ತಿರುವುದು ಬೇರೆ. ಪ್ರಬಂಧದ ಮೊದಲ ಪ್ಯಾರಾದಲ್ಲೇ ಮಗು ತನ್ನದೇ ಆದ ಒಂದು ವಾದವನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಓದಿದ ಇನ್ನೊಬ್ಬರು ‘ಇಲ್ಲ, ನಾನು ಒಪ್ಪಲ್ಲ’ ಅನ್ನಲು ಅದರಲ್ಲಿ ಜಾಗ ಇರಬೇಕು. ಉಳಿದ ಪುಟಗಳೆಲ್ಲ ಆ ವಾಕ್ಯವನ್ನು ಪುಸ್ತಕದಿಂದಲೇ ಸಾಧಿಸಿ ತೋರಿಸಲು.

ಕಾದಂಬರಿ ಓದಿಲ್ಲದವರಿಗೆ ಎರಡು ಮಾತು. ಮೂಡಿಗೆರೆ ಕಡೆಯ ಒಬ್ಬ ಕೃಷಿಕ ಈ ಕಥೆ ಹೇಳುತ್ತಾನೆ. ಕರ್ವಾಲೋ ಒಬ್ಬ ವಿಜ್ಞಾನಿ. ಮಂದಣ್ಣ ಹಳ್ಳಿಯ ಹುಡುಗ, ಊರಿನವರ ಲೆಕ್ಕದಲ್ಲಿ ಅಷ್ಟೇನೂ ಉಪಯೋಗಕ್ಕೆ ಬಾರದವನು. ಇವರೆಲ್ಲ ಸೇರಿ ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುತ್ತಾರೆ. ಓತಿ ಕಾಣಿಸುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಕಣಿವೆಯತ್ತ ಹಾರಿ ಮರೆಯಾಗುತ್ತದೆ.

ಈಗ ಒಂದು ಮಗು ‘ಕರ್ವಾಲೋ ಕಾದಂಬರಿಯಲ್ಲಿ ಪ್ರಕೃತಿಯ ವರ್ಣನೆ ಚೆನ್ನಾಗಿದೆ’ ಎಂದು ಬರೆಯಿತು ಅನ್ನಿ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಾಗಾಗಿ ಸಾಧಿಸಲು ಏನೂ ಉಳಿದಿಲ್ಲ. ಇನ್ನೊಂದು ಮಗು ‘ಹೆಸರು ಕರ್ವಾಲೋ ಅಂತ ಇದ್ದರೂ ಇಲ್ಲಿ ನಿಜವಾದ ವಿಜ್ಞಾನಿ ಮಂದಣ್ಣ’ ಎಂದು ಬರೆಯಿತು. ಇಲ್ಲಿ ಕೆಲಸ ಶುರುವಾಗುತ್ತದೆ. ಹೌದಾ? ಎಲ್ಲಿದೆ ಸಾಕ್ಷಿ? ಮಗು ಮತ್ತೆ ಪುಸ್ತಕ ತೆರೆಯಲೇಬೇಕು. ಓತಿಯನ್ನು ಮೊದಲು ಕಂಡದ್ದು ಯಾರು, ಕಾಡಿನಲ್ಲಿ ಯಾರ ಕಣ್ಣಿಗೆ ಏನು ಬೀಳುತ್ತದೆ, ಅಷ್ಟು ಓದಿದ ಕರ್ವಾಲೋ ಈ ಹುಡುಗನಿಗೆ ಯಾಕೆ ಇಷ್ಟು ಬೆಲೆ ಕೊಡುತ್ತಾರೆ, ಇದನ್ನೆಲ್ಲ ಪುಟ ಸಂಖ್ಯೆ ಸಮೇತ ಹುಡುಕಬೇಕು. ಹುಡುಕಿದ ಸಾಲನ್ನು ಸುಮ್ನೆ ಎತ್ತಿ ಬರೆದರೂ ಸಾಲದು. ಆ ಸಾಲು ತನ್ನ ವಾದಕ್ಕೆ ಹೇಗೆ ಬಲ ಕೊಡುತ್ತದೆ ಎಂದು ಬಿಡಿಸಿ ಹೇಳಬೇಕು. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಆಮೇಲೆ ಎದುರು ವಾದ. ಪಕ್ಕದ ಬೆಂಚಿನವರು ಕೇಳಬಹುದು: ‘ಮಂದಣ್ಣ ನೋಡಿದ ಸರಿ, ಆದರೆ ನೋಡಿದ್ದರ ಮಹತ್ವ ಗೊತ್ತಾದದ್ದು ಕರ್ವಾಲೋಗೆ ಅಲ್ವಾ?’ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಹೋದ ಮಗು ತನ್ನ ಮೊದಲ ವಾಕ್ಯವನ್ನೇ ತಿದ್ದಬಹುದು: ‘ಮಂದಣ್ಣನ ಕಣ್ಣು ಮತ್ತು ಕರ್ವಾಲೋ ಅವರ ಓದು, ಇವೆರಡೂ ಸೇರದೆ ವಿಜ್ಞಾನ ಆಗುವುದಿಲ್ಲ ಎಂದು ಈ ಕಾದಂಬರಿ ತೋರಿಸುತ್ತದೆ.’ ಮೊದಲ ವಾಕ್ಯಕ್ಕಿಂತ ಇದು ಎಷ್ಟು ಗಟ್ಟಿ ನೋಡಿ. ಹೀಗೆ ತಿದ್ದಿಕೊಂಡವರಿಗೆ ನಮ್ಮಲ್ಲಿ ಅಂಕ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಅದಕ್ಕೇ ಮೊದಲ ಕರಡನ್ನೂ ಪ್ರಬಂಧದ ಜೊತೆ ಕೊಡಬೇಕು ಎಂದು ಹೇಳಿದ್ದೇವೆ. ಕಾಟು ಹೊಡೆದ ಹಾಳೆ ಎಂದು ದಯವಿಟ್ಟು ಮನೆಯಲ್ಲಿ ಎಸೆಯಬೇಡಿ.

ನಿಮ್ಮ ಗಮನಕ್ಕೆ ಇನ್ನೆರಡು ವಿಷಯ. ಕಥೆ ಹೇಳುವ ‘ನಾನು’ ಮತ್ತು ತೇಜಸ್ವಿ ಒಬ್ಬರೇ ಅಲ್ಲ. ತೇಜಸ್ವಿಯವರೂ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು, ಹಾಗಾಗಿ ಗೊಂದಲ ಸಹಜ. ಆದರೂ ಪ್ರಬಂಧದಲ್ಲಿ ‘ತೇಜಸ್ವಿ ಜೇನು ತರಲು ಹೋದರು’ ಎಂದು ಬರೆಯುವ ಹಾಗಿಲ್ಲ, ‘ನಿರೂಪಕ ಹೋದ’ ಎಂದೇ ಬರೆಯಬೇಕು. ಇನ್ನೊಂದು, ಹಾರುವ ಓತಿ ಬರೀ ಕಲ್ಪನೆಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಅಂಥ ಓತಿ ಇಂದಿಗೂ ಇದೆ. ಪಕ್ಕೆಲುಬುಗಳನ್ನು ಅಗಲಿಸಿ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಮಕ್ಕಳು ಇದರ ವಿಡಿಯೋ ನೋಡಿ ಖುಷಿಪಡಲಿ. ಆದರೆ ಪ್ರಬಂಧದ ಎರಡು ಪುಟ ಅದರಿಂದಲೇ ತುಂಬಬಾರದು. ಕಾದಂಬರಿ ಆ ಓತಿಯನ್ನು ಕೊನೆಯಲ್ಲಿ ಯಾಕೆ ಹಾರಿ ಹೋಗಲು ಬಿಟ್ಟಿತು ಎಂದು ಯೋಚಿಸಿದರೆ, ಅದು ಸಾಹಿತ್ಯದ ಪ್ರಶ್ನೆ.

ನೀವೇನು ಮಾಡಬೇಕು? ವಾದದ ವಾಕ್ಯವನ್ನು ಮಾತ್ರ ನೀವು ಹೇಳಿಕೊಡಬೇಡಿ. ಅಕ್ಕ-ಅಣ್ಣಂದಿರೂ ಟ್ಯೂಷನ್‌ನವರೂ ಹೇಳಿಕೊಡುವುದು ಬೇಡ. ಫೋನಿನಲ್ಲಿ ಕೇಳಿದರೆ ಕ್ಷಣದಲ್ಲಿ ಒಂದು ಪ್ರಬಂಧವೇ ಬಂದುಬಿಡುತ್ತದೆ ಎಂದು ನಮಗೂ ಗೊತ್ತು. ಅದರಲ್ಲಿ ನಿಮ್ಮ ಮಗುವಿನ ಯೋಚನೆ ಇರುವುದಿಲ್ಲ, ನಮಗೆ ಬೇಕಾಗಿರುವುದು ಅದೊಂದೇ. ಭಾಷೆ ಒರಟಾಗಿದ್ದರೂ ಪರವಾಗಿಲ್ಲ, ಕಾಗುಣಿತ ನಾವು ತಿದ್ದುತ್ತೇವೆ. ನೀವು ಕೇಳಬೇಕಾದ್ದು ಎರಡೇ ಪ್ರಶ್ನೆ: ‘ನಿನಗೆ ಹಾಗೆ ಯಾಕೆ ಅನ್ನಿಸಿತು?’, ‘ಪುಸ್ತಕದಲ್ಲಿ ಅದು ಎಲ್ಲಿದೆ ತೋರಿಸು.’ ಓದು ಬಾರದ ತಂದೆ-ತಾಯಿಯೂ, ಅಜ್ಜ-ಅಜ್ಜಿಯೂ ಇದನ್ನು ಕೇಳಬಹುದು. ಮಗು ಗಟ್ಟಿಯಾಗಿ ಓದಲಿ, ನೀವು ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ. ನಿಮ್ಮ ಮಗು ‘ಮಂದಣ್ಣ ನನಗೆ ಇಷ್ಟವಾಗಲಿಲ್ಲ’ ಅಂದರೆ ಗದರಬೇಡಿ. ಕಾರಣ ಕೊಡಲು ಬಂದರೆ ಅದೂ ಒಳ್ಳೆಯ ವಾದವೇ.

ರಜೆ ಮುಗಿದ ಮೊದಲ ವಾರ ಎಲ್ಲರೂ ತಮ್ಮ ಒಂದು ವಾಕ್ಯವನ್ನು ಮಾತ್ರ ತರಬೇಕು. ಕನ್ನಡ ಶಿಕ್ಷಕರು ಒಬ್ಬೊಬ್ಬರ ಜೊತೆ ಕೂತು ಮಾತಾಡುತ್ತಾರೆ. ಆಮೇಲೆ ಎರಡು ವಾರ ಬರವಣಿಗೆಗೆ, ಅದೂ ತರಗತಿಯಲ್ಲೇ. ಮುಂದಿನ ಪೋಷಕರ ಸಭೆಯಲ್ಲಿ ಎಲ್ಲ ಪ್ರಬಂಧಗಳನ್ನೂ ಮೇಜಿನ ಮೇಲೆ ಇಟ್ಟಿರುತ್ತೇವೆ. ಅರ್ಧ ಗಂಟೆ ಮೊದಲೇ ಬನ್ನಿ. ನಿಮ್ಮ ಮಗುವಿನದ್ದರ ಜೊತೆ ಇನ್ನೊಂದು ಮಗುವಿನದ್ದನ್ನೂ ಓದಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು