ನೆಟ್ ಹೋದರೂ ಟಿವಿ ನಿಲ್ಲಬೇಕಿಲ್ಲ

ಮಾನ್ಯ ಸಂಪಾದಕರೇ,

ಹೊಸ ಟಿವಿ ಕೊಳ್ಳುವವರಿಗೆ ಸಲಹೆ ಕೊಡುವ ಬರಹವೊಂದು ಇತ್ತೀಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಚೆನ್ನಾಗಿತ್ತು. ಆದರೆ ಬರೆದವರ ಮನೆಯಲ್ಲಿ ನೆಟ್ ಯಾವತ್ತೂ ಹೋಗುವುದಿಲ್ಲ ಅಂತ ಕಾಣುತ್ತದೆ. ಪೂರ್ತಿ ಬರಹ ಓಟಿಟಿ, ಪ್ಲಾನು, ಎಷ್ಟು ಎಂಬಿಪಿಎಸ್ ವೇಗ ಬೇಕು ಅನ್ನುವುದರಲ್ಲೇ ಮುಗಿಯಿತು. ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದರೆ ಕಥೆಯೇ ಬೇರೆ. ಒಂದು ಮರ ಬಿದ್ದರೆ ಕರೆಂಟ್ ಕಂಬದ ಜೊತೆ ಅದಕ್ಕೆ ಕಟ್ಟಿದ ಫೈಬರ್ ಕೇಬಲ್ಲೂ ನೆಲಕ್ಕೆ ಬರುತ್ತದೆ. ಕರೆಂಟ್ ಮೊದಲು ಬರುತ್ತದೆ, ಕೇಬಲ್ ಜೋಡಿಸುವವರು ಆಮೇಲೆ ಯಾವಾಗಲೋ ಬರುತ್ತಾರೆ. ಡಿಶ್ ಇದೆಯಲ್ಲಾ ಅಂದರೆ, ಜೋರು ಮಳೆಗೆ ಅದೂ ಸಿಗ್ನಲ್ ಇಲ್ಲ ಅಂತ ಕೂರುತ್ತದೆ.

ಇಂಥ ದಿನಗಳಲ್ಲಿ ಕಂಪ್ಯೂಟರಿನಲ್ಲಿ ತುಂಬಿಟ್ಟ ವಿಡಿಯೋಗಳೇ ಗತಿ. ಮದುವೆ, ನಾಮಕರಣ, ಊರಿನ ಸುಗ್ಗಿ ಹಬ್ಬದಲ್ಲಿ ಹುಡುಗರು ಫೋನಿನಲ್ಲಿ ತೆಗೆದಿದ್ದು, ಹೀಗೆ ಎಲ್ಲರ ಮನೆಯಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಇದನ್ನು ಹಾಲ್ ಟಿವಿಯಲ್ಲಿ, ಅಮ್ಮನ ಕೋಣೆಯ ಟಿವಿಯಲ್ಲಿ, ಎಲ್ಲಿ ಬೇಕಾದರೂ ನೋಡಬಹುದು. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ, ನಿಮ್ಮ ಬರಹವೂ ಹೇಳಲಿಲ್ಲ. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ನಾನು ಇದನ್ನು ಕೇಳಿದ್ದಕ್ಕೆ, "ನೆಟ್ ಇಲ್ಲಾಂದ್ರೆ ಸ್ಮಾರ್ಟ್ ಟಿವಿ ತಗೊಂಡು ಏನ್ಮಾಡ್ತೀರಾ ಸಾರ್" ಅಂದ ಅಲ್ಲಿಯ ಹುಡುಗ.

ಮನೆಯ ವೈಫೈ ರೂಟರ್ ಎರಡು ಕೆಲಸ ಮಾಡುತ್ತದೆ. ಹೊರಗಿನ ನೆಟ್ಟನ್ನು ಒಳಗೆ ತರುವುದು ಒಂದು, ಮನೆಯೊಳಗಿನ ಸಾಧನಗಳನ್ನು ಒಂದಕ್ಕೊಂದು ಸೇರಿಸುವುದು ಇನ್ನೊಂದು. ಡಾಂಬರು ರಸ್ತೆಗೆ ಮರ ಬಿತ್ತು ಅಂತ ತೋಟದೊಳಗಿನ ಜೀಪ್ ದಾರಿ ಮುಚ್ಚುವುದಿಲ್ಲ, ಅಲ್ವಾ? ಟಿವಿ ಮಾತ್ರ ಇಂಟರ್ನೆಟ್ ಇಲ್ಲ ಅಂತ ಗೊಣಗುತ್ತದೆ. ಗೊಣಗಲಿ.

ಇದೇನು ಹೊಸ ವಿದ್ಯೆಯೂ ಅಲ್ಲ. ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ 2003ರಲ್ಲೇ ಒಂದು ಕೂಟ ಕಟ್ಟಿಕೊಂಡು ಡಿಎಲ್‌ಎನ್‌ಎ ಅನ್ನುವ ಏರ್ಪಾಡು ಮಾಡಿದವು. ಒಂದು ಕಂಪನಿಯ ಕಂಪ್ಯೂಟರಿನಲ್ಲಿರುವ ವಿಡಿಯೋ ಇನ್ನೊಂದು ಕಂಪನಿಯ ಟಿವಿಗೆ ಕಾಣಬೇಕು ಅನ್ನುವುದೇ ಅದರ ಉದ್ದೇಶ. ಆ ಕೂಟ 2017ರಲ್ಲಿ ಮುಚ್ಚಿತು, ಆದರೆ ಅದು ಮಾಡಿಟ್ಟ ವ್ಯವಸ್ಥೆ ಬಹಳಷ್ಟು ಟಿವಿಗಳಲ್ಲಿ ಈಗಲೂ ಸುಮ್ನೆ ಕೂತಿದೆ. ವಿಂಡೋಸ್ ಕಂಪ್ಯೂಟರಿನ ಕಂಟ್ರೋಲ್ ಪ್ಯಾನಲ್‌ನಲ್ಲಿ ಮೀಡಿಯಾ ಸ್ಟ್ರೀಮಿಂಗ್ ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಟಿವಿಯ ಸೋರ್ಸ್ ಪಟ್ಟಿಯಲ್ಲೋ ಮೀಡಿಯಾ ಪ್ಲೇಯರ್‌ನಲ್ಲೋ ಕಂಪ್ಯೂಟರಿನ ಹೆಸರು ಬರುತ್ತದೆ. ಬರಲಿಲ್ಲ ಅಂದರೆ ಹೆಚ್ಚಾಗಿ ಕಾರಣ ಒಂದೇ, ಮನೆಯ ನೆಟ್‌ವರ್ಕನ್ನು ವಿಂಡೋಸ್ ಪಬ್ಲಿಕ್ ಅಂತ ಇಟ್ಟುಕೊಂಡಿರುತ್ತದೆ. ಅದನ್ನು ಪ್ರೈವೇಟ್ ಮಾಡಬೇಕು. ಕಂಪ್ಯೂಟರ್ ತಾನಾಗಿ ನಿದ್ದೆಗೆ ಜಾರದಂತೆಯೂ ಮಾಡಬೇಕು, ಇಲ್ಲದಿದ್ದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಿತ್ರ ನಿಲ್ಲುತ್ತದೆ.

ಇನ್ನೂ ಚಂದ ಬೇಕು, ಸಿನಿಮಾ ಪೋಸ್ಟರಿನ ಹಾಗೆ ಸಾಲಾಗಿ ಕಾಣಬೇಕು ಅನ್ನುವವರಿಗೆ ಜೆಲ್ಲಿಫಿನ್ ಇದೆ. 2018ರಲ್ಲಿ ಶುರುವಾದ ಪುಕ್ಕಟೆ ಸಾಫ್ಟ್‌ವೇರ್. ಯಾವ ಕಂಪನಿಯ ಖಾತೆಯನ್ನೂ ತೆರೆಯಬೇಕಿಲ್ಲ, ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಆಂಡ್ರಾಯ್ಡ್ ಟಿವಿ ಆದರೆ ವಿಡಿಯೋ ಓಡಿಸುವ ಆ್ಯಪ್‌ಗಳಾದ ಕೋಡಿ, ವಿಎಲ್‌ಸಿ ಕೂಡ ಸಿಗುತ್ತವೆ. ಆ್ಯಪ್‌ಗಳನ್ನು ಮಾತ್ರ ನೆಟ್ ಇರುವಾಗಲೇ ಹಾಕಿಟ್ಟುಕೊಳ್ಳಿ.

ವೇಗದ ಲೆಕ್ಕವೂ ಹೆದರುವಂಥದ್ದಲ್ಲ. ಎರಡು ಗಂಟೆಯ, 4 ಜಿಬಿ ಗಾತ್ರದ ಒಂದು ವಿಡಿಯೋ ಓಡುವುದಕ್ಕೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೆಗಾಬಿಟ್ ಸಾಕು. ಹಳೇ ರೂಟರಿಗೂ ಅದು ಏನೂ ಅಲ್ಲ. ನಿಜವಾದ ತೊಂದರೆ ನಮ್ಮ ಗೋಡೆಗಳದ್ದು. ಮಲೆನಾಡಿನ ಹಳೇ ಮನೆಗಳ ಮಣ್ಣಿನ ಗೋಡೆ ಮೊಳ ದಪ್ಪ ಇರುತ್ತದೆ. ವೈಫೈಯ ಅಲೆಗಳಲ್ಲಿ 5 ಗಿಗಾಹರ್ಟ್ಸಿನದು ವೇಗವಾಗಿದ್ದರೂ ಅಂಥ ಗೋಡೆ ದಾಟುವ ಹೊತ್ತಿಗೆ ಸೋತಿರುತ್ತದೆ, 2.4 ಗಿಗಾಹರ್ಟ್ಸಿನದು ನಿಧಾನ ಆದರೂ ಹಿಂದಿನ ಕೋಣೆ ಮುಟ್ಟುತ್ತದೆ. ನನ್ನ ಕೇಳಿದರೆ ರೂಟರಿನಿಂದ ಟಿವಿಗೆ ಲ್ಯಾನ್ ಕೇಬಲ್, ಅಂದರೆ ನೆಟ್‌ವರ್ಕ್ ತಂತಿ, ಎಳೆಯುವುದೇ ವಾಸಿ. ಒಂದೇ ಎಳೆಯಲ್ಲಿ 100 ಮೀಟರ್ ತನಕ ಹೋಗಬಹುದು, ಕಣದ ಆಚೆಗಿನ ಮನೆಗೂ ಸಾಕು.

ಆದರೆ ಒಂದು ಮಾತು, ಇದು ಬೆಂಗಳೂರಿನ ಅಂಕಣಗಳಲ್ಲಿ ಬರುವುದಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ಲಿಗೆ ಸಿಡಿಲಿನ ಕಾಟ ಜಾಸ್ತಿ. ನೇರ ಬಡಿಯಬೇಕು ಅಂತಲೂ ಇಲ್ಲ, ಹತ್ತಿರ ಬಡಿದರೂ ಕೇಬಲ್ಲಿನಲ್ಲಿ ಹೊಕ್ಕ ವೋಲ್ಟೇಜ್ ಎರಡೂ ಕಡೆಯ ಪೋರ್ಟ್ ಸುಟ್ಟುಹಾಕಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಬೇಕು. ಎಷ್ಟೋ ಜನ ಪ್ಲಗ್ ಮಾತ್ರ ಕೀಳುತ್ತಾರೆ. ಕಟ್ಟಡಗಳ ನಡುವೆ ಫೈಬರ್ ಎಳೆಸಿದರೆ ಈ ಭಯ ಬಹಳ ಕಡಿಮೆ, ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಇನ್ನು ವಿಡಿಯೋ ಇಡುವುದಕ್ಕೆ ದೊಡ್ಡ ಕಂಪ್ಯೂಟರಿಗಿಂತ ಹಳೇ ಲ್ಯಾಪ್‌ಟಾಪ್ ಮೇಲು. ಕರೆಂಟ್ ಜಾಸ್ತಿ ಎಳೆಯುವುದಿಲ್ಲ, ಬ್ಯಾಟರಿಯೂ ಅದರಲ್ಲೇ ಇದೆ.

ಈಗ ಫೈಲುಗಳ ತರಲೆಗೆ ಬರುತ್ತೇನೆ, ಜನ ಕೈಚೆಲ್ಲುವುದು ಇಲ್ಲೇ. ಫೈಲಿನ ಹೆಸರಿನ ಕೊನೆಗೆ ಬರುವ ಎಂಕೆವಿ, ಎಂಪಿ4 ಅನ್ನುವುದೆಲ್ಲ ಬರೀ ಡಬ್ಬದ ಹೆಸರು. ಒಳಗಿನ ಚಿತ್ರ ಒಂದು ಕೋಡೆಕ್, ಅಂದರೆ ಕುಗ್ಗಿಸಿ ಬರೆದಿಡುವ ವಿಧಾನ, ಧ್ವನಿ ಇನ್ನೊಂದು ಕೋಡೆಕ್. ಈ ಎರಡರಲ್ಲಿ ಒಂದು ಟಿವಿಗೆ ಗೊತ್ತಿಲ್ಲದಿದ್ದರೂ ಕೆಲಸ ಕೆಟ್ಟಿತು. ಎಷ್ಟೋ ಹೊಸ ಫೋನುಗಳು ಜಾಗ ಉಳಿಸುವುದಕ್ಕೆ 2013ರಲ್ಲಿ ಬಂದ ಎಚ್.265 ಅನ್ನುವ ಕೋಡೆಕ್‌ನಲ್ಲಿ ವಿಡಿಯೋ ತೆಗೆಯುತ್ತವೆ, ಅದಕ್ಕಿಂತ ಹಳೇ ಟಿವಿಗೆ ಅದು ಅರ್ಥವಾಗುವುದಿಲ್ಲ. ಚಿತ್ರ ಬರುತ್ತದೆ ಧ್ವನಿ ಬರುವುದಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಡಿಟಿಎಸ್ ಅನ್ನುವ ಧ್ವನಿ ಕೋಡೆಕ್ ಕಾರಣ, 2018ರಿಂದೀಚೆಗೆ ಕೆಲವು ದೊಡ್ಡ ಟಿವಿ ಕಂಪನಿಗಳೇ ಅದನ್ನು ಕೈಬಿಟ್ಟಿವೆ. ಹಣ ಜಾಸ್ತಿ ಕೊಟ್ಟು ತಂದ ಹೊಸ ಟಿವಿ ಮೂಕ, ಹಳೆಯದು ಮಾತಾಡುತ್ತದೆ! ಪೆನ್‌ಡ್ರೈವಿನಲ್ಲಿ ಹಾಕಿ ನೋಡುವುದಾದರೆ, ಅದು ಫ್ಯಾಟ್32 ಅನ್ನುವ ಹಳೇ ಕ್ರಮದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರೊಳಗೆ ಹೋಗುವುದೇ ಇಲ್ಲ, ಪೆನ್‌ಡ್ರೈವ್ ಎಷ್ಟೇ ದೊಡ್ಡದಿರಲಿ. ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಕೆಲವು ಟಿವಿಗಳಲ್ಲಿ ಬರೀ ಚೌಕಗಳು ಕಾಣುತ್ತವೆ, ಕನ್ನಡ ಸಬ್‌ಟೈಟಲ್ಲಿಗೂ ಅದೇ ಗತಿ. ಇಷ್ಟು ವರ್ಷ ಇಲ್ಲಿ ವ್ಯಾಪಾರ ಮಾಡಿ ಒಂದು ಕನ್ನಡ ಫಾಂಟ್ ಹಾಕೋಕಾಗದ ಕಂಪನಿಗಳಿಗೆ ಏನು ಹೇಳುವುದು?

ಮದ್ದು ಸುಲಭದ್ದೇ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಫೈಲುಗಳನ್ನು ಒಮ್ಮೆ ಎಂಪಿ4 ಮಾಡಿಟ್ಟುಕೊಳ್ಳುವುದು, ಚಿತ್ರ ಎಚ್.264, ಧ್ವನಿ ಎಎಸಿ. ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್ ಟಿವಿಗಳೂ ಇದನ್ನು ಓಡಿಸುತ್ತವೆ. ಮದುವೆಯ ಡಿವಿಡಿಗಳನ್ನೂ ಹಾಗೇ ಮಾಡಬಹುದು, ಡಿಸ್ಕ್ ಗೀರಾಗಿ ಹಾಳಾಗುವ ಮೊದಲು ಮಾಡಿದರೆ ಒಳ್ಳೆಯದು. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆಗೆ ಒಂದಷ್ಟು ಮುಗಿದಿರುತ್ತದೆ. ಅಟ್ಟದ ಮೇಲಿರುವ ಹಳೇ ದಪ್ಪ ಟಿವಿಯನ್ನೂ ಎಸೆಯಬೇಕಿಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಹಳೇ ಟಿವಿಯ ಎವಿಗೆ ಬದಲಿಸುವ ಸಣ್ಣ ಡಬ್ಬಿ ಸಿಗುತ್ತದೆ, ಕೆಂಪು, ಬಿಳಿ, ಹಳದಿ ತೂತಿಗೆ ಚುಚ್ಚಿದರೆ ಆಯಿತು. ಚಿತ್ರ ಅಷ್ಟಕ್ಕಷ್ಟೇ, ಅಮ್ಮನಿಗೆ ಅದರ ದೂರಿಲ್ಲ.

ಹೋಂಸ್ಟೇ ಇಟ್ಟುಕೊಂಡಿರುವ ಸ್ನೇಹಿತರಿಗೆ ಒಂದು ಎಚ್ಚರಿಕೆ. ಇದನ್ನೇ ಅತಿಥಿಗಳ ಕೋಣೆಗೂ ಎಳೆದು ಸಿನಿಮಾ ಹಾಕೋಣ ಅಂತ ಹೊರಡಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹೋಟೆಲಿನ ಕೋಣೆಗಳಿಗೆ ಹೀಗೆ ಕೇಬಲ್ ಮೂಲಕ ಸಿನಿಮಾ ಕಳಿಸುವುದೂ ಸಾರ್ವಜನಿಕರಿಗೆ ತೋರಿಸಿದ ಹಾಗೇ ಲೆಕ್ಕ. ನಮ್ಮ ತೋಟದ, ನಮ್ಮ ಊರ ಹಬ್ಬದ ವಿಡಿಯೋವನ್ನು ನಾವೇ ತೆಗೆದಿದ್ದರೆ ಧಾರಾಳವಾಗಿ ತೋರಿಸಿ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ತಂತ್ರಜ್ಞಾನ ಅಂಕಣದಲ್ಲಿ ಟಿವಿ ಬಗ್ಗೆ ಬರೆಸುವಾಗ, ನೆಟ್ ತೆಗೆದಿಟ್ಟು ಆ ಟಿವಿ ಏನೇನು ಮಾಡುತ್ತದೆ ಅಂತಲೂ ನೋಡಿ ಬರೆಸಿ. ಯಾವ ಫೈಲು ಓಡುತ್ತದೆ, ಕನ್ನಡ ಅಕ್ಷರ ಕಾಣುತ್ತದೋ ಇಲ್ಲವೋ, ಲ್ಯಾನ್ ಪೋರ್ಟ್ ಇದೆಯೋ ಇಲ್ಲವೋ ತಿಳಿಸಿ. ಈಗಂತೂ ಡಬ್ಬದ ಮೇಲೆ ಓಟಿಟಿ ಕಂಪನಿಗಳ ಗುರುತು ಬಿಟ್ಟರೆ ಬೇರೇನೂ ಇರುವುದಿಲ್ಲ. ಕೊಳ್ಳುವವರೂ ಅಷ್ಟೇ, ಮನೆಯ ನಾಲ್ಕಾರು ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿಸಿ ನೋಡಿ, ಧ್ವನಿ ಕೇಳಿದ ಮೇಲೆ ದುಡ್ಡು ಕೊಡಿ. ಬೇಸರ ಮಾಡಿಕೊಳ್ಳುವ ಅಂಗಡಿಯವರಿಗೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ಹೋಗಿ. ಮತ್ತೆ, ದಯವಿಟ್ಟು ಆ ಬರಹವನ್ನು ನಿಮ್ಮ ವೆಬ್‌ಸೈಟಿನಲ್ಲಿ ಮಾತ್ರ ಹಾಕಬೇಡಿ, ಪೇಪರಿನಲ್ಲೇ ಹಾಕಿ. ಕತ್ತರಿಸಿ ಟಿವಿ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಓದುಗ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ