ಎಲ್ಲರೂ ಒಂದೇ ದಿನ ರಕ್ತ ಕೊಟ್ರೆ ಹೇಗೆ?

ಮಾನ್ಯ ಸಂಪಾದಕರೇ,

ನಿಮ್ಮ ಪೇಪರ್‌ನ ಜಿಲ್ಲಾ ಪುಟದಲ್ಲಿ ರಕ್ತದಾನ ಶಿಬಿರದ ಸುದ್ದಿ ಬರ್ತಾನೇ ಇರುತ್ತೆ. ಮುಖಂಡರ ಹುಟ್ಟುಹಬ್ಬ, ಆಗಸ್ಟ್ 15, ಇಲ್ಲಾ ಅಕ್ಟೋಬರ್ 1ರ ರಕ್ತದಾನ ದಿನ, ಮಂಚದ ಮೇಲೆ ಮಲಗಿರೋ ಒಬ್ಬ ಹುಡುಗ, ಅವನ ಸುತ್ತ ಶಾಲು ಹೊದ್ದು ನಿಂತಿರೋ ದೊಡ್ಡೋರು, ಫೋಟೋದಲ್ಲಿ ರಕ್ತ ಕೊಡೋನ ಮುಖಾನೇ ಕಾಣಲ್ಲ ಬಿಡಿ. ಶಿಬಿರ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಅದೇ ಊರಲ್ಲಿ ಏಪ್ರಿಲ್, ಮೇ ಬಂತು ಅಂದ್ರೆ ವಾಟ್ಸಾಪ್‌ನಲ್ಲಿ 'ಅರ್ಜೆಂಟ್ ರಕ್ತ ಬೇಕಾಗಿದೆ' ಅನ್ನೋ ಮೆಸೇಜ್ ಶುರು, ಕಾಲೇಜ್ ರಜೆ, ಕೊಡೋ ಹುಡುಗರೆಲ್ಲ ಅವರವರ ಊರಿಗೆ ಹೋಗಿರ್ತಾರೆ, ಪೇಷಂಟ್ ಕಡೆಯೋರು ನೆಂಟರಿಷ್ಟರಿಗೆಲ್ಲ ಫೋನ್ ಮಾಡ್ಕೊಂಡು ಓಡಾಡ್ತಿರ್ತಾರೆ.

ನಾನು 46ನೇ ವಯಸ್ಸಲ್ಲಿ ಮೊನ್ನೆ ಮೊದಲ ಸಲ ರಕ್ತ ಕೊಟ್ಟೆ. ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ ಅಂದ್ರೆ ಯಾರೂ ಕೇಳ್ಲಿಲ್ಲ, ಅಷ್ಟೇ. ನಮ್ಮ ವಯಸ್ಸಿನೋರು ಸುಮಾರು ಜನ ಹೀಗೇ ಇದ್ದಾರೆ, ಇದೆಲ್ಲ ಕಾಲೇಜ್ ಹುಡುಗರ ಕೆಲಸ ಅಂದ್ಕೊಂಡಿರ್ತಾರೆ. ಮೊದಲ ಸಲ ಕೊಡೋರಿಗೆ 60 ವರ್ಷದವರೆಗೂ ಅವಕಾಶ ಇದೆ, ಮುಂಚೆಯಿಂದ ಕೊಡ್ತಾ ಬಂದಿದ್ರೆ 65ರವರೆಗೆ, ತೂಕ 45 ಕೆಜಿ ಇದ್ರೆ ಆಯ್ತು.

ಶಿಬಿರಕ್ಕೆ ಅಂತ ಕಾಯದೇ ಒಂದು ಮಾಮೂಲಿ ದಿನ ಮಗಳನ್ನೂ ಕರ್ಕೊಂಡು ನೇರ ಬ್ಲಡ್ ಬ್ಯಾಂಕ್‌ಗೆ ಹೋದೆ. ಫಾರಂ ತುಂಬಿಸ್ಕೊಂಡ್ರು, ಬಿಪಿ ನೋಡಿದ್ರು, ಈಚೆಗೆ ಆಪರೇಷನ್ ಆಗಿದ್ಯಾ, ಹಚ್ಚೆ ಹಾಕಿಸ್ಕೊಂಡಿದ್ದೀರಾ ಅಂತೆಲ್ಲ ಕೇಳಿದ್ರು, ಹಚ್ಚೆ ಹಾಕಿಸ್ಕೊಂಡ್ರೆ ಒಂದು ವರ್ಷ ಕೊಡಂಗಿಲ್ಲವಂತೆ. ಆಮೇಲೆ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದು ಚಿಕ್ಕ ಗ್ಲಾಸಲ್ಲಿದ್ದ ನೀಲಿ ನೀರಿಗೆ ಬಿಟ್ರು. ಮೈಲುತುತ್ತದ ದ್ರಾವಣ ಅದು, ನಮ್ಮ ತೋಟಕ್ಕೆ ಹೊಡೆಯೋ ಬೋರ್ಡೋ ಔಷಧಿ ಮಾಡೋಕೆ ಬಳಸ್ತೀವಲ್ಲ ಅದೇ. ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಮ್ಮಿ ಇಲ್ಲ ಅಂದ್ರೆ ಹನಿ ಮುಳುಗುತ್ತೆ. ನಂದು ಸೀದಾ ತಳಕ್ಕೆ ಹೋಯ್ತು, ಮಗಳದ್ದು ಮೇಲೇ ತೇಲ್ತಾ ನಿಂತ್ಕೊಳ್ತು. ಅವಳ ಮುಖ ಸಣ್ಣದಾಯ್ತು ಪಾಪ. ಅಲ್ಲಿದ್ದ ಡಾಕ್ಟ್ರಮ್ಮ 'ಬೇಜಾರಾಗ್ಬೇಡಮ್ಮ, ಸರಿಯಾಗಿ ಒಂದ್ಸಲ ರಕ್ತ ಚೆಕ್ ಮಾಡಿಸು, ಐರನ್ ಮಾತ್ರೆ ತಗೊಂಡು ಆಮೇಲೆ ಬಾ' ಅಂದ್ರು. ಅವಳಿಗೆ ರಕ್ತಹೀನತೆ ಇರ್ಬಹುದು ಅಂತ ಮನೇಲಿ ಯಾರಿಗೂ ಅನುಮಾನಾನೇ ಇರ್ಲಿಲ್ಲ ಅನ್ನೋದು ಬೇರೆ ಮಾತು.

ಸೂಜಿ ಸ್ವಲ್ಪ ದಪ್ಪ ಇರೋದು ನಿಜ, ನೋಡೋಕೆ ಹೋಗ್ಬೇಡಿ. ಕೈಗೆ ಒಂದು ರಬ್ಬರ್ ಬಾಲ್ ಕೊಟ್ಟು ಹಿಸುಕ್ತಾ ಇರಿ ಅಂತಾರೆ, ಪಕ್ಕದಲ್ಲಿ ಚೀಲ ಇಟ್ಟಿರೋ ಮಿಷನ್ನು ತೊಟ್ಟಿಲ ಥರ ತೂಗ್ತಾ ಇರುತ್ತೆ, ರಕ್ತ ಹೆಪ್ಪುಗಟ್ದೇ ಇರೋ ಔಷಧಿ ಚೀಲದಲ್ಲಿ ಮೊದಲೇ ಇರುತ್ತಲ್ಲ ಅದರ ಜೊತೆ ಬೆರೀಲಿ ಅಂತ. 350 ಎಂಎಲ್, ಹತ್ತು ನಿಮಿಷದೊಳಗೆ ಮುಗೀತು. ಬಿಸ್ಕತ್ತು, ಜ್ಯೂಸು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿದ್ರು.

ಅಲ್ಲಿ ಕೂತಾಗ ಟೆಕ್ನಿಷಿಯನ್ ಹೇಳಿದ ಲೆಕ್ಕ ಕೇಳಿ ನನಗೆ ಈ ಪತ್ರ ಬರೀಬೇಕು ಅನ್ನಿಸ್ತು. ಕೊಟ್ಟ ರಕ್ತಾನ ಭಾಗ ಭಾಗ ಮಾಡಿ ಇಡ್ತಾರಂತೆ, ಕೆಂಪು ರಕ್ತಕಣ ಫ್ರಿಜ್ಜಲ್ಲಿಟ್ರೂ 35ರಿಂದ 42 ದಿನ ಅಷ್ಟೇ, ಪ್ಲೇಟ್‌ಲೆಟ್ ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕಣ ಆದ್ರೆ ಐದೇ ದಿನ, ಪ್ಲಾಸ್ಮಾ ಅನ್ನೋ ರಕ್ತದ ನೀರಿನ ಭಾಗ ಮಾತ್ರ ಒಂದು ವರ್ಷದವರೆಗೂ ಇಡಬಹುದು. ಇನ್ನು ಕೊಟ್ಟೋರು, ಗಂಡಸರಾದ್ರೆ ಮೂರು ತಿಂಗಳು, ಹೆಂಗಸರಾದ್ರೆ ನಾಲ್ಕು ತಿಂಗಳು ಮತ್ತೆ ಕೊಡಂಗಿಲ್ಲ. ಈಗ ನೀವೇ ಯೋಚ್ನೆ ಮಾಡಿ, ಒಬ್ಬ ನಾಯಕರ ಹುಟ್ಟುಹಬ್ಬಕ್ಕೆ ಐನೂರು ಜನ ಒಂದೇ ದಿನ ಕೊಟ್ರು ಅಂದ್ಕೊಳ್ಳಿ, ಪ್ಲೇಟ್‌ಲೆಟ್ ವಾರದೊಳಗೆ ಖಾಲಿ ಆಗ್ಬೇಕು ಇಲ್ಲಾ ಚೆಲ್ಲಬೇಕು, ಕೆಂಪು ಕಣಕ್ಕೂ ಒಂದೂವರೆ ತಿಂಗಳು ಇಲ್ಲ, ಆದ್ರೆ ಆ ಐನೂರೂ ಜನ ಮೂರು ತಿಂಗಳು ಲೆಕ್ಕದಿಂದ ಹೊರಗೆ. ಮಧ್ಯದಲ್ಲಿ ಡೆಂಗಿ ಬಂದ್ರೆ, ಹೆರಿಗೇಲಿ ರಕ್ತಸ್ರಾವ ಆದ್ರೆ, ಹೈವೇಲಿ ಆಕ್ಸಿಡೆಂಟ್ ಆದ್ರೆ ಯಾರನ್ನ ಕೇಳೋದು? ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸರಿಯಾಗಿ ಆಗದ ಥಲಸ್ಸೇಮಿಯಾ ಕಾಯಿಲೆ ಇರೋ ಮಕ್ಕಳಿಗಂತೂ ಎರಡು ಮೂರು ವಾರಕ್ಕೊಂದು ಸಲ ರಕ್ತ ಬೇಕೇ ಬೇಕು, ಅವರಿಗೆ ಯಾವ ಹುಟ್ಟುಹಬ್ಬದ ಲೆಕ್ಕಾನೂ ಇಲ್ಲ.

ಹಂಗಂತ ಮಾಮೂಲಿ ದಿನ ಹೋಗಿ ಕೊಡ್ತೀವಿ ಅನ್ನೋರಿಗೆ ಅನುಕೂಲ ಇದ್ಯಾ ಅಂದ್ರೆ ಅದೂ ಅಷ್ಟಕ್ಕಷ್ಟೇ. ನಾನು ಮೊದಲು ವಿಚಾರಿಸಿದ ಒಂದು ಕಡೆ ಸಂಜೆ ನಾಲ್ಕರ ಮೇಲೆ ತಗೊಳಲ್ಲ, ಭಾನುವಾರ ಇಲ್ಲವೇ ಇಲ್ಲ ಅಂದ್ರು. ಅಂಗಡಿ, ಫ್ಯಾಕ್ಟರಿ, ಗಾರೆ ಕೆಲಸದೋರು ಮತ್ಯಾವಾಗ ಹೋಗ್ಬೇಕು ಸ್ವಾಮಿ? ವಾರಕ್ಕೆ ಎರಡು ಸಂಜೆ ಮತ್ತೆ ಭಾನುವಾರ ಬೆಳಗ್ಗೆ ತೆಗೆದಿಟ್ರೆ ಸಾಕು. ಶಿಬಿರ ಮಾಡೋ ಸಂಘದೋರೂ ಮೊದಲು ಬ್ಲಡ್ ಬ್ಯಾಂಕ್‌ನೋರನ್ನ ಕೇಳಿ ದಿನ ಇಟ್ಕೊಳ್ಲಿ, ಹುಟ್ಟುಹಬ್ಬದ ದಿನ ಬರೀ ಹೆಸರು ಬರೆಸ್ಕೊಂಡು ವಾರಕ್ಕಿಷ್ಟು ಜನ ಅಂತ ಕಳಿಸಿದ್ರೂ ನಾಯಕರ ಹೆಸರಿಗೇನೂ ಕಮ್ಮಿ ಆಗಲ್ಲ.

ಕೊನೇದಾಗಿ ನಿಮ್ಮ ಹತ್ರಾನೇ ಒಂದು ಬೇಡಿಕೆ. ಭದ್ರಾ ಡ್ಯಾಂನಲ್ಲಿ ನೀರೆಷ್ಟು, ಅಡಿಕೆ ರೇಟ್ ಎಷ್ಟು ಅಂತ ಪೇಪರ್‌ನಲ್ಲಿ ಹಾಕ್ತೀರಲ್ಲ, ಅದರ ಪಕ್ಕದಲ್ಲೇ ನಮ್ಮ ಜಿಲ್ಲೆಯ ಬ್ಲಡ್ ಬ್ಯಾಂಕ್‌ಗಳಲ್ಲಿ ಯಾವ ಗ್ರೂಪ್ ಎಷ್ಟು ಯೂನಿಟ್ ಇದೆ ಅಂತ ನಾಲ್ಕು ಸಾಲು ಹಾಕಿ. ಸರ್ಕಾರದ ಇ-ರಕ್ತಕೋಶ್ ವೆಬ್‌ಸೈಟಲ್ಲಿ ಸ್ಟಾಕ್ ನೋಡೋ ವ್ಯವಸ್ಥೆ ಇದೆ, ಆದ್ರೆ ಅದನ್ನ ಹುಡುಕ್ಕೊಂಡು ಯಾರು ನೋಡ್ತಾರೆ, ಪೇಪರ್ ಆದ್ರೆ ಟೀ ಅಂಗಡೀಲೂ ಓದ್ತಾರೆ.

ಒಬ್ಬ ಓದುಗ
ದಾವಣಗೆರೆ