ಈ ವಾರ ಪುಂಡಿಪಲ್ಯ: ಬರಿಯೋರಿಗೆ ಸೂಚನೆ
ಎಲ್ಲಾರಿಗೂ ನಮಸ್ಕಾರ್ರಿ. ಈ ವಾರ ಪುಂಡಿಪಲ್ಯ, ಅಂದ್ರ ಹುಳಿ ಪುಂಡಿ ಸೊಪ್ಪಿನ ಪಲ್ಯ, ನಿಮ್ಮ ಮನ್ಯಾಗ ಹೆಂಗ ಮಾಡ್ತೀರಿ ಅಂತ ಬರದು ಕಳಸ್ರಿ. ಬರೇ ಫೋಟೋ ಹಾಕಿ "ರುಚಿಗೆ ತಕ್ಕಷ್ಟು" ಅಂತ ಬರೀಬ್ಯಾಡ್ರಿ, ಹೊಸದಾಗಿ ಕಲಿಯೋರಿಗೆ ಏನೂ ತಿಳಿಯಂಗಿಲ್ಲ. ಪುಂಡಿ ಕುದಿಸಿದ ನೀರು ಎಷ್ಟು ಬಸೀತೀರಿ, ಹುಳಿ ಎಷ್ಟು ಉಳೀಬೇಕು, ಜ್ವಾಳದ ನುಚ್ಚು ಹಾಕ್ತೀರೋ ಬ್ಯಾಳಿ ಹಾಕ್ತೀರೋ, ಒಗ್ಗರಣ್ಯಾಗ ಜಜ್ಜಿದ ಬಳ್ಳೊಳ್ಳಿ ಯಾವ ಬಣ್ಣಕ್ಕ ಬರಬೇಕು, ಇದೆಲ್ಲಾ ಬರೀರಿ, ಯಾರ್ ಕಲಿಸಿದ್ರು ಅನ್ನೋದೂ ಸೇರಸ್ರಿ, ಅವ್ವ ಅತ್ತಿ ಆಯಿ ಯಾರಾದ್ರೂ. ಕಲ್ಯಾಣದಾಗ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಾಗೇ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥದಾಗ ಅಡಗಿ ಬಗ್ಗೆ ವಿವರವಾಗಿ ಬರದಾನ, ಆದ್ರ ಅದು ಅರಮನಿ ಊಟ, ನಮ್ಮ ಮನಿ ಒಲಿ ಮುಂದಿಂದು ನಾವೇ ಬರೀಬೇಕಲ್ರಿ. ಅಡಗಿ ಪುಸ್ತಕ ನೋಡಿ ಮಾಡಿದ್ರ ಅದರ ಹೆಸರು ಹಾಕ್ರಿ. ಬರಿಯಾಕ ಆಗದವ್ರು ವಾಯ್ಸ್ ಮೆಸೇಜ್ ಕಳಸ್ರಿ, ನಾ ಟೈಪ್ ಮಾಡ್ತೀನಿ. ರವಿವಾರ ರಾತ್ರಿ ಒಳಗ ಬರ್ಲಿ.